ಹಿರೇಬೇನೆ, ದೊಡ್ಡರೋಗ, ದಡಾರ: ಮೂರೂ ಒಂದೇ ಬಳ್ಳಿಯ ಕಾಯಿಗಳೇ?

ಹಟ್ಟಿಯ ಹುಡುಗ · ಸೋಮವಾರ ರಾತ್ರಿ 9:40

ನಮ್ಮದು ಹಿರಿಯೂರು ಕಡೆಯ ಹಟ್ಟಿ. ನಾನು ಬೆಂಗಳೂರಿನಲ್ಲಿ ಕೆಲಸದಲ್ಲಿದ್ದೇನೆ, ಕುರಿ ನೋಡಿಕೊಳ್ಳುವವನು ಅಣ್ಣ. ನೂರೈವತ್ತು ತಲೆಯ ಹಿಂಡು. ದೀಪಾವಳಿ ಕಳೆದ ಹದಿನೈದು ದಿನಗಳಲ್ಲಿ ಇಪ್ಪತ್ತೆರಡು ಮರಿಗಳು ಸತ್ತವು. ಮೊದಲು ಮೈ ಸುಡುವ ಜ್ವರ, ಆಮೇಲೆ ಮೂಗಿನಲ್ಲಿ ಸಿಂಬಳ, ಕಣ್ಣಿನಲ್ಲಿ ಗೀಜು, ಬಾಯಲ್ಲಿ ಹುಣ್ಣು, ಕೊನೆಗೆ ನೀರಿನಂತೆ ಭೇದಿ. ದೊಡ್ಡ ಕುರಿಗಳಲ್ಲಿ ಐದು ಹೋದವು. ನೋಡಿದ ಪಶುವೈದ್ಯರು ಹಿರೇಬೇನೆ ಎಂದರು.

ಹಬ್ಬಕ್ಕೆಂದು ಊರಿಗೆ ಕರೆದುಕೊಂಡು ಹೋಗಿದ್ದ ನನ್ನ ಮಗಳಿಗೆ ಅದೇ ವಾರ ದಡಾರ ಎದ್ದಿತು. ಅವಳಿಗೂ ಜ್ವರ, ಕೆಂಪು ಕಣ್ಣು, ಸೋರುವ ಮೂಗು. ರೊಪ್ಪದ ಬೇನೆಯೇ ಮಗುವಿಗೆ ತಗುಲಿತು ಎಂದು ಅವ್ವ ಅವತ್ತಿನಿಂದ ಮೊಮ್ಮಗಳನ್ನು ಕುರಿಯ ಹತ್ತಿರ ಸುಳಿಯಲು ಬಿಡುತ್ತಿಲ್ಲ. ಮಗಳು ಈಗ ಚೆನ್ನಾಗಿದ್ದಾಳೆ. ಆದರೆ ಅವ್ವನ ಮಾತಿನಲ್ಲಿ ಹುರುಳಿದೆಯೇ? ಇನ್ನೊಂದು ಸಂಶಯ: ಮಳೆಗಾಲಕ್ಕೆ ಮುಂಚೆ ಅಣ್ಣ ಇಡೀ ಹಿಂಡಿಗೆ ಚುಚ್ಚುಮದ್ದು ಹಾಕಿಸಿದ್ದ. ಆದರೂ ಹೀಗೇಕಾಯಿತು?

ಗೋಮಾಳ · ಸೋಮವಾರ ರಾತ್ರಿ 10:15

ತಮ್ಮಾ, ನಾನು ಮೂವತ್ತೆರಡು ವರ್ಷ ಪಶುವೈದ್ಯನಾಗಿ ಕೆಲಸ ಮಾಡಿ ನಿವೃತ್ತನಾದವನು. ಮೊದಲು ಮೂರು ವಿಷಯ ಹೇಳಿ. ಹಾಕಿಸಿದ ಚುಚ್ಚುಮದ್ದು ಯಾವುದು? ಸತ್ತ ಮರಿಗಳ ವಯಸ್ಸೆಷ್ಟು? ಹಬ್ಬದ ಆಸುಪಾಸಿನಲ್ಲಿ ಸಂತೆಯಿಂದ ಹೊಸ ಕುರಿ ತಂದಿದ್ದಿರಾ? ಉಳಿದದ್ದನ್ನು ಆಮೇಲೆ ಮಾತನಾಡೋಣ.

ಅಣುಜೀವಿ · ಸೋಮವಾರ ರಾತ್ರಿ 11:02

ಮೊದಲ ಪ್ರಶ್ನೆಗೆ ನಾನು ಉತ್ತರಿಸುತ್ತೇನೆ, ವೈರಾಣುಗಳ ಮೇಲೆಯೇ ನನ್ನ ಸಂಶೋಧನೆ. ಹಿರೇಬೇನೆಯ ವೈರಸ್ ಮನುಷ್ಯರಿಗೆ ಕಾಯಿಲೆ ತರುವುದಿಲ್ಲ. ದಡಾರ ಮನುಷ್ಯರಿಂದ ಮನುಷ್ಯರಿಗೆ ಮಾತ್ರ ಹರಡುತ್ತದೆ. ನಿಮ್ಮ ಮಗಳಿಗೆ ಅದು ಬಂದದ್ದು ಯಾವುದೋ ಮಗುವಿನಿಂದ, ಬಸ್ಸಿನಲ್ಲೋ ಜಾತ್ರೆಯಲ್ಲೋ ಇರಬಹುದು. ತಗುಲಿದ ಮೇಲೆ ಜ್ವರ ಕಾಣಿಸಲು ಸುಮಾರು ಹತ್ತು ದಿನ ಬೇಕು. ಆದ್ದರಿಂದ ಊರಿಗೆ ಹೋಗುವ ಮೊದಲೇ ತಗುಲಿದ್ದರೂ ಆಶ್ಚರ್ಯವಿಲ್ಲ.

ಆದರೂ ನಿಮ್ಮ ಅವ್ವನ ಕಣ್ಣು ಚುರುಕು. ಮರಿಯ ಮುಖ ಮತ್ತು ಮಗುವಿನ ಮುಖದಲ್ಲಿ ಅವರು ಕಂಡ ಹೋಲಿಕೆ ಸುಳ್ಳಲ್ಲ. ಎರಡು ವೈರಸ್‌ಗಳೂ ಪ್ಯಾರಾಮಿಕ್ಸೊ ಕುಟುಂಬದ ಮಾರ್ಬಿಲಿ ಎಂಬ ಒಂದೇ ಕವಲಿನವು. ಅಳಿದುಹೋದ ದನದ ದೊಡ್ಡರೋಗ, ನಾಯಿಗಳ ಡಿಸ್ಟೆಂಪರ್ ಕೂಡ ಅದೇ ಕವಲಿಗೆ ಸೇರಿದವು. ರೋಗನಿರೋಧಕ ಕೋಶಗಳ ಮೇಲಿರುವ ಸ್ಲ್ಯಾಮ್ ಎಂಬ ಪ್ರೋಟೀನನ್ನು ಹಿಡಿದು ಇವು ಒಳಗೆ ಸೇರುತ್ತವೆ. ಕಾವಲುಗಾರನನ್ನೇ ಮೊದಲು ಕಟ್ಟಿಹಾಕುವ ಕಳ್ಳತನ ಇದು. ಕಾವಲು ತಪ್ಪಿದ ಮನೆಗೆ ಬೇರೆ ರೋಗಾಣುಗಳೂ ನುಗ್ಗುತ್ತವೆ. ಎಷ್ಟೋ ಮರಿಗಳನ್ನೂ ಮಕ್ಕಳನ್ನೂ ಕೊನೆಗೆ ಕೊಲ್ಲುವುದು ಹಾಗೆ ಬಂದ ನ್ಯುಮೋನಿಯಾ.

ಈ ಬಂಧುತ್ವ ಎಷ್ಟು ಹತ್ತಿರದ್ದು ಎಂದರೆ, ದಡಾರವೇ ದೊಡ್ಡರೋಗದ ಪೂರ್ವಜನಿಂದ ಕವಲೊಡೆದು ಮನುಷ್ಯನಿಗೆ ಬಂದದ್ದು. ಬರ್ಲಿನ್‌ನ ವೈದ್ಯಕೀಯ ಸಂಗ್ರಹಾಲಯವೊಂದರಲ್ಲಿ 1912ರಲ್ಲಿ ದಡಾರದಿಂದ ತೀರಿಕೊಂಡ ಎರಡು ವರ್ಷದ ಹೆಣ್ಣುಮಗುವಿನ ಶ್ವಾಸಕೋಶವನ್ನು ಕಾಪಿಟ್ಟಿದ್ದರು. ಅದರಿಂದ ವೈರಸ್ಸಿನ ಪೂರ್ತಿ ತಳಿಸಂಕೇತವನ್ನು ಓದಿ ಲೆಕ್ಕ ಹಾಕಿದವರು 2020ರಲ್ಲಿ ಹೇಳಿದ್ದು, ಈ ಕವಲು ಕ್ರಿಸ್ತಪೂರ್ವ ಆರನೆಯ ಶತಮಾನದಷ್ಟು ಹಿಂದೆಯೇ ಒಡೆದಿರಬಹುದು ಎಂದು. ದೊಡ್ಡ ಊರುಗಳು ಹುಟ್ಟಿಕೊಂಡ ಕಾಲವೂ ಹೆಚ್ಚುಕಡಿಮೆ ಅದೇ. ಒಮ್ಮೆ ಬಂದವರಿಗೆ ಮತ್ತೆ ಬಾರದ ಕಾಯಿಲೆ ಬದುಕಿ ಉಳಿಯಬೇಕಾದರೆ ಮಕ್ಕಳು ಹುಟ್ಟುತ್ತಲೇ ಇರುವ ದೊಡ್ಡ ಜನಸಂದಣಿ ಬೇಕು.

ಸಂಶಯಾತ್ಮ · ಮಂಗಳವಾರ ಬೆಳಿಗ್ಗೆ 6:50

ನಮ್ಮ ಕಾಲದಲ್ಲಿ ದಡಾರ ಎಲ್ಲರಿಗೂ ಬಂದು ಹೋಗುತ್ತಿತ್ತು. ಗೊಬ್ಬರ ಎದ್ದಿದೆ ಎಂದು ಬೇವಿನ ಸೊಪ್ಪು ಕಟ್ಟಿ ಒಂಬತ್ತು ದಿನ ಮನೆಯಲ್ಲಿ ಮಲಗಿಸುತ್ತಿದ್ದರು, ಏಳುತ್ತಿದ್ದೆವು. ಈಗ ಪ್ರತಿಯೊಂದಕ್ಕೂ ಸೂಜಿ. 2017ರಲ್ಲಿ ಶಾಲೆಗೇ ಬಂದು ಚುಚ್ಚಿದಾಗ ನಾನು ನನ್ನ ಮೊಮ್ಮಗನನ್ನು ಕಳುಹಿಸಲಿಲ್ಲ. ಅವನಿಗೇನೂ ಆಗಿಲ್ಲ.

ಅಣುಜೀವಿ · ಮಂಗಳವಾರ ಬೆಳಿಗ್ಗೆ 8:10

ಹಿರಿಯರೇ, ಎದ್ದವರು ಇಲ್ಲಿ ಬರೆಯುತ್ತಿದ್ದೀರಿ. ಏಳದವರು ಬರೆಯಲು ಬರುವುದಿಲ್ಲ.

2017ರ ಫೆಬ್ರವರಿಯಲ್ಲಿ ದಡಾರ-ರುಬೆಲ್ಲಾ ಲಸಿಕೆಯ ಅಭಿಯಾನ ಆರಂಭವಾದ ಮೊದಲ ರಾಜ್ಯಗಳಲ್ಲಿ ನಮ್ಮದೂ ಒಂದು. ಒಂಬತ್ತು ತಿಂಗಳಿನಿಂದ ಹದಿನೈದು ವರ್ಷದವರೆಗಿನ ಮಕ್ಕಳಿಗೆ ಅದನ್ನು ಹಾಕಿದರು. ಆಗ ವಾಟ್ಸಾಪಿನಲ್ಲಿ ಹರಿದಾಡಿದ ಮಾತುಗಳು ನೆನಪಿವೆ. ನಿಮ್ಮ ಮೊಮ್ಮಗನಿಗೆ ಏನೂ ಆಗದಿರಲು ಒಂದು ಕಾರಣ, ಅವನ ಪಕ್ಕದ ಬೆಂಚಿನ ಹುಡುಗರು ಚುಚ್ಚಿಸಿಕೊಂಡಿದ್ದರು. ರಕ್ಷಣೆಯೇ ಇಲ್ಲದ ಜನರ ನಡುವೆ ದಡಾರದ ಒಬ್ಬ ರೋಗಿಯಿಂದ ಹನ್ನೆರಡರಿಂದ ಹದಿನೆಂಟು ಜನರಿಗೆ ಹರಡುತ್ತದೆ ಎಂಬುದು ಸಾಮಾನ್ಯವಾಗಿ ಹೇಳುವ ಲೆಕ್ಕ. ಅದನ್ನು ತಡೆಯಲು ನೂರರಲ್ಲಿ ತೊಂಬತ್ತೈದು ಮಕ್ಕಳಿಗೆ ಎರಡೂ ಡೋಸ್ ಆಗಿರಬೇಕು.

ಇನ್ನು ಬಂದು ಹೋಗುವ ಮಾತು. ದಡಾರ ಹೋಗುವಾಗ ಬರಿಗೈಯಲ್ಲಿ ಹೋಗುವುದಿಲ್ಲ. ನೆದರ್‌ಲ್ಯಾಂಡ್ಸ್‌ನಲ್ಲಿ ಲಸಿಕೆ ಹಾಕಿಸದ 77 ಮಕ್ಕಳ ರಕ್ತವನ್ನು ದಡಾರ ಬರುವ ಮುಂಚೆಯೂ ಬಂದ ಮೇಲೆಯೂ ಪರೀಕ್ಷಿಸಿದರು. ಬೇರೆ ರೋಗಾಣುಗಳ ವಿರುದ್ಧ ಅವರಲ್ಲಿ ಅದುವರೆಗೆ ಬೆಳೆದಿದ್ದ ಪ್ರತಿಕಾಯಗಳಲ್ಲಿ ಶೇಕಡಾ 11ರಿಂದ 73ರಷ್ಟು ಅಳಿಸಿಹೋಗಿದ್ದವು. ಇದು 2019ರಲ್ಲಿ ಪ್ರಕಟವಾಯಿತು. ದಡಾರ ಎದ್ದ ಮಗು ವರ್ಷವೆಲ್ಲ ಸೊರಗುತ್ತದೆ ಎಂದು ನನ್ನ ಅಜ್ಜಿ ಹೇಳುತ್ತಿದ್ದರು. ಕಾರಣ ಗೊತ್ತಿರಲಿಲ್ಲ, ಗಮನಿಸಿದ್ದು ಸರಿಯಾಗಿತ್ತು.

ಹಟ್ಟಿಯ ಹುಡುಗರೇ, ಮಗಳಿಗೆ ಎ ಜೀವಸತ್ವ ಕೊಟ್ಟಿದ್ದಾರೆಯೇ ಎಂದು ವೈದ್ಯರನ್ನು ಕೇಳಿಕೊಳ್ಳಿ. ದಡಾರ ಬಂದ ಮಕ್ಕಳಿಗೆ ಅದನ್ನು ಕೊಡುವ ಕ್ರಮವಿದೆ.

ಹಟ್ಟಿಯ ಹುಡುಗ · ಮಂಗಳವಾರ ಮಧ್ಯಾಹ್ನ 1:25

ಕೊಟ್ಟಿದ್ದಾರೆ ಮೇಡಂ. ಅವಳಿಗೆ ಒಂಬತ್ತು ತಿಂಗಳಿನ ಡೋಸ್ ಆಗಿತ್ತು. ಒಂದೂವರೆ ವರ್ಷದಲ್ಲಿ ಹಾಕಬೇಕಾದದ್ದು ಮನೆ ಬದಲಿಸುವ ಗಡಿಬಿಡಿಯಲ್ಲಿ ತಪ್ಪಿತ್ತು. ತಪ್ಪು ನನ್ನದೇ.

ಡಾಕ್ಟರೇ, ಅಣ್ಣನ ಜೊತೆ ಮಾತನಾಡಿದೆ. ಹಾಕಿಸಿದ್ದು ಕರುಳು ಬೇನೆಯ ಚುಚ್ಚುಮದ್ದು. ಚುಚ್ಚುಮದ್ದು ಅಂದರೆ ಎಲ್ಲದಕ್ಕೂ ಆಯಿತು ಎಂದು ಅವನು ತಿಳಿದಿದ್ದ. ಮರಿಗಳಿಗೆ ನಾಲ್ಕರಿಂದ ಆರು ತಿಂಗಳು. ಹಬ್ಬಕ್ಕೆ ಎಂಟು ದಿನ ಮುಂಚೆ ಸಂತೆಯಲ್ಲಿ ಆರು ಕುರಿ ಕೊಂಡಿದ್ದ, ಅಗ್ಗಕ್ಕೆ ಸಿಕ್ಕವು ಎಂದು ಫೋನಿನಲ್ಲಿ ಖುಷಿಯಿಂದ ಹೇಳಿದ್ದ. ಅವುಗಳಲ್ಲಿ ಎರಡರ ಮೂಗು ಬಂದ ದಿನವೇ ಸೋರುತ್ತಿತ್ತಂತೆ.

ಗೋಮಾಳ · ಮಂಗಳವಾರ ಮಧ್ಯಾಹ್ನ 3:40

ಅಲ್ಲಿಗೆ ಮುಗಿಯಿತು. ಅಣ್ಣನನ್ನು ಬಯ್ಯಬೇಡಿ. ಅಗ್ಗದ ಕುರಿ ತರದ ಕುರಿಗಾಹಿಯನ್ನು ನಾನು ಕಂಡಿಲ್ಲ.

ಕರುಳು ಬೇನೆ ಬ್ಯಾಕ್ಟೀರಿಯಾದ ವಿಷದಿಂದ ಬರುವುದು. ಹಿರೇಬೇನೆ, ನಾವು ಪಿಪಿಆರ್ ಎಂದು ಬರೆಯುವುದು, ವೈರಸ್ಸಿನಿಂದ ಬರುವುದು. ಎರಡಕ್ಕೂ ಬೇರೆ ಬೇರೆ ಸೀಸೆ. ಪಿಪಿಆರ್ ಲಸಿಕೆಯಲ್ಲಿರುವುದು ದುರ್ಬಲಗೊಳಿಸಿದ ಜೀವಂತ ವೈರಸ್. ಒಮ್ಮೆ ಸರಿಯಾಗಿ ಬಿದ್ದರೆ ಮೂರು ವರ್ಷ ನಿಶ್ಚಿಂತೆ, ಅಂದರೆ ಮಾಂಸಕ್ಕೆ ಸಾಕಿದ ಕುರಿಗೆ ಆಯುಷ್ಯಪೂರ್ತಿ.

ಮರಿಗೆ ಮೂರು ನಾಲ್ಕು ತಿಂಗಳು ತುಂಬುವ ಮೊದಲು ಹಾಕಿಸಿದರೆ ದಂಡ. ಗಿಣ್ಣುಹಾಲಿನಲ್ಲಿ ತಾಯಿ ಕೊಟ್ಟ ರಕ್ಷಣೆ ಮರಿಯ ರಕ್ತದಲ್ಲಿ ಇನ್ನೂ ಓಡಾಡುತ್ತಿರುತ್ತದೆ, ಲಸಿಕೆಯ ವೈರಸ್ಸನ್ನೇ ಕೊಂದುಹಾಕುತ್ತದೆ. ಮಕ್ಕಳಿಗೆ ದಡಾರದ ಮೊದಲ ಸೂಜಿಯನ್ನು ಒಂಬತ್ತು ತಿಂಗಳವರೆಗೆ ತಡೆಯುವುದಕ್ಕೂ ಇದೇ ಕಾರಣ. ಮಗುವಿಗೆ ತಾಯಿಯ ರಕ್ಷಣೆ ಗರ್ಭದಲ್ಲೇ ಬಂದಿರುತ್ತದೆ. ಕುರಿಮರಿ ಮಾತ್ರ ಹುಟ್ಟುವಾಗ ಬರಿಗೈ, ಗಿಣ್ಣು ಕುಡಿದರೆ ಉಂಟು, ಇಲ್ಲವಾದರೆ ಇಲ್ಲ. ನಿಮ್ಮ ಮರಿಗಳು ತಾಯಿಯ ರಕ್ಷಣೆ ಕರಗಿ, ಲಸಿಕೆಯೂ ಬೀಳದೆ ನಡುವೆ ನಿಂತಿದ್ದವು. ಸರಿಯಾಗಿ ಆ ಹೊತ್ತಿಗೆ ಸಂತೆಯ ಕುರಿ ಬಂತು.

ಮಲೆಯ ಅಂಚು · ಮಂಗಳವಾರ ಸಂಜೆ 5:05

ನಡುವೆ ಬಾಯಿ ಹಾಕುತ್ತಿದ್ದೇನೆ. ನಮ್ಮ ತೀರ್ಥಹಳ್ಳಿ ಕಡೆಯ ಮಂಗನ ಕಾಯಿಲೆಯೂ ಇದೇ ಕುಟುಂಬದ್ದೇ? ಮಂಗನಬಾವು ಪ್ಯಾರಾಮಿಕ್ಸೊ ಎಂದು ಎಲ್ಲೋ ಓದಿದ ನೆನಪು.

ಅಣುಜೀವಿ · ಮಂಗಳವಾರ ಸಂಜೆ 5:20

ಹೆಸರಿನಲ್ಲಿ ಮಂಗ ಇದೆ ಅಷ್ಟೇ. ಮಂಗನಬಾವು, ನಿಮ್ಮ ಪಕ್ಕದ ಜಿಲ್ಲೆಯವರು ಕೆಪ್ಪಟರಾಯ ಎನ್ನುವುದು, ಹೌದು, ಪ್ಯಾರಾಮಿಕ್ಸೊ. ಕೆನ್ನೆ ಊದಿ ಮುಖ ಮಂಗನಂತಾಗುವುದರಿಂದ ಆ ಹೆಸರು. ಮಂಗನ ಕಾಯಿಲೆ ಬೇರೆಯೇ. 1957ರಲ್ಲಿ ಕ್ಯಾಸನೂರು ಕಾಡಿನಲ್ಲಿ ಗುರುತಿಸಿದ ಆ ವೈರಸ್ ಡೆಂಗಿಯ ದಾಯಾದಿ, ಉಣುಗಿನಿಂದ ಹರಡುತ್ತದೆ.

ನೆಗಡಿ ಕೆಮ್ಮು ತರುವ ಎಚ್‌ಎಂಪಿವಿ ವೈರಸ್ಸಿನ ಕಥೆಯೂ ಹೀಗೆಯೇ. 2025ರ ಜನವರಿಯಲ್ಲಿ ಬೆಂಗಳೂರಿನ ಎರಡು ಶಿಶುಗಳಲ್ಲಿ ಅದು ಪತ್ತೆಯಾದಾಗ ಹೊಸ ಮಾರಿ ಬಂತು ಎಂದು ಜನ ಹೌಹಾರಿದರು. 2001ರಿಂದ ಗೊತ್ತಿರುವ ವೈರಸ್ ಅದು. 2016ರವರೆಗೆ ಪ್ಯಾರಾಮಿಕ್ಸೊ ಮನೆಯಲ್ಲೇ ಇತ್ತು, ಆಮೇಲೆ ವಿಜ್ಞಾನಿಗಳು ಪಾಲು ಮಾಡಿ ನ್ಯುಮೊ ಎಂಬ ಬೇರೆ ಮನೆಗೆ ಕಳುಹಿಸಿದರು.

ನಾಟಿಕೋಳಿ · ಮಂಗಳವಾರ ರಾತ್ರಿ 8:30

ಕೋಳಿಯ ಕೊಕ್ಕರೆ ರೋಗವನ್ನು ಯಾರೂ ಹೇಳಲಿಲ್ಲ! ಅದೂ ಪ್ಯಾರಾಮಿಕ್ಸೊ ತಾನೇ? ಹೋದ ಬೇಸಿಗೆಯಲ್ಲಿ ಹಸಿರು ಹಿಕ್ಕೆ ಹಾಕಿ, ಕತ್ತು ತಿರುಚಿಕೊಂಡು, ಒಂದೇ ವಾರದಲ್ಲಿ ಮೂವತ್ತು ಕೋಳಿ ಹೋದವು.

ಗೋಮಾಳ · ಮಂಗಳವಾರ ರಾತ್ರಿ 9:00

ಹೌದು ತಾಯಿ. ಇಂಗ್ಲೆಂಡಿನ ನ್ಯೂಕ್ಯಾಸಲ್‌ನಲ್ಲಿ 1926ರಲ್ಲಿ ಕಂಡದ್ದಕ್ಕೆ ಅವರು ಆ ಊರಿನ ಹೆಸರಿಟ್ಟರು, ನಮ್ಮಲ್ಲಿ ರಾಣಿಖೇತ್‌ನಲ್ಲಿ ಕಂಡದ್ದಕ್ಕೆ ನಾವು ರಾಣಿಖೇತ್ ಎಂದೆವು. ಮರಿಗಳಿಗೆ ಮೊದಲ ವಾರದಲ್ಲೇ ಕಣ್ಣಿಗೋ ಮೂಗಿಗೋ ಹನಿ, ಎರಡು ತಿಂಗಳ ಹೊತ್ತಿಗೆ ಆರ್‌ಟುಬಿ ಚುಚ್ಚುಮದ್ದು. ಬೇಸಿಗೆಗೆ ಮುಂಚೆ ಮಾಡಿಸಿ.

ಪಡುವಣ ಗಾಳಿ · ಮಂಗಳವಾರ ರಾತ್ರಿ 10:45

ಉಡುಪಿಯಿಂದ ಬರೆಯುತ್ತಿದ್ದೇನೆ. ಈ ಕುಟುಂಬದ ಹೆಸರು ನಮಗೆ ಪರಿಚಯವಾದದ್ದು ನಿಫಾದಿಂದ. 2018ರ ಮೇ ತಿಂಗಳಿನಲ್ಲಿ ಕೋಯಿಕ್ಕೋಡಿನಿಂದ ಬಂದ ಮಾದರಿಗಳಲ್ಲಿ ಅದನ್ನು ಮೊದಲು ಪತ್ತೆ ಮಾಡಿದ್ದು ಮಣಿಪಾಲದ ವೈರಾಣು ಸಂಶೋಧನಾ ಕೇಂದ್ರ. ಪುಣೆಯ ರಾಷ್ಟ್ರೀಯ ವೈರಾಣು ಸಂಸ್ಥೆ ಖಚಿತಪಡಿಸಿತು. ಶಂಕೆ ಹುಟ್ಟಿದ್ದು ಒಂದೇ ಮನೆಯ ಎರಡನೆಯ ರೋಗಿಯಲ್ಲಿ. ಅಷ್ಟು ಬೇಗ ಗೊತ್ತಾಗಿದ್ದರಿಂದಲೇ ಬೇಲಿ ಹಾಕಲು ಸಾಧ್ಯವಾಯಿತು. 2001ರಲ್ಲಿ ಸಿಲಿಗುರಿಯಲ್ಲಿ ರೋಗ ಯಾವುದೆಂದೇ ತಿಳಿಯದೆ 66 ಜನರಿಗೆ ಹರಡಿತ್ತು, 45 ಜನ ಸತ್ತರು. ಅವರಲ್ಲಿ ಬಹಳ ಮಂದಿಗೆ ಆಸ್ಪತ್ರೆಯ ಒಳಗೇ ತಗುಲಿದ್ದು.

ಆಗ ನಮ್ಮೂರಿನಲ್ಲಿ ಬಾವಲಿ ಕೂರುವ ಮರವನ್ನೇ ಕಡಿಯಲು ಹೊರಟಿದ್ದರು. ಕಡಿದರೆ ಬಾವಲಿ ಸಾಯುವುದಿಲ್ಲ, ನಿಮ್ಮ ಹಿತ್ತಲಿನ ಮಾವಿಗೆ ಬರುತ್ತದೆ ಎಂದು ಹೇಳಿ ನಿಲ್ಲಿಸಬೇಕಾಯಿತು. ಬಾವಲಿ ಕಚ್ಚಿದ ಹಣ್ಣು ತಿನ್ನಬೇಡಿ, ಅಷ್ಟು ಸಾಕು. ಬಾಂಗ್ಲಾದೇಶದಲ್ಲಿ ರಾತ್ರಿ ಖರ್ಜೂರದ ಮರಕ್ಕೆ ಕಟ್ಟಿದ ಮಡಕೆಯಲ್ಲಿ ಬಾವಲಿ ಬಾಯಿಡುತ್ತದೆ, ಬೆಳಿಗ್ಗೆ ಆ ಹಸಿ ರಸ ಕುಡಿದವರಿಗೆ ರೋಗ ಬರುತ್ತದೆ. ಮಡಕೆಯ ಬಾಯಿಗೆ ಬಿದಿರಿನ ಪರದೆ ಕಟ್ಟಿದರೆ ಬಾವಲಿ ಹತ್ತಿರ ಬರುವುದಿಲ್ಲ ಎಂದು ಅಲ್ಲಿ ಪ್ರಯೋಗ ಮಾಡಿ ತೋರಿಸಿದ್ದಾರೆ.

ನಿರ್ವಾಹಕ · ಬುಧವಾರ ಬೆಳಿಗ್ಗೆ 7:00

ದಡಾರಕ್ಕೆ ಮನೆಮದ್ದು ಎಂದು ಡೋಸ್ ಸಮೇತ ಬರೆದಿದ್ದ ಎರಡು ಪ್ರತಿಕ್ರಿಯೆಗಳನ್ನು ತೆಗೆದಿದ್ದೇನೆ. ಚರ್ಚೆ ಮುಂದುವರಿಯಲಿ.

ಸಂಶಯಾತ್ಮ · ಬುಧವಾರ ಬೆಳಿಗ್ಗೆ 7:35

ಒಂದು ನನ್ನದು. ಇರಲಿ. ಡಾಕ್ಟರೇ, ದೊಡ್ಡರೋಗ ಅಳಿದುಹೋಯಿತು ಎಂದು ಇವರು ಬರೆದಿದ್ದಾರೆ. ನಮ್ಮ ತಂದೆಯ ಎರಡು ಜೊತೆ ಎತ್ತು ಅದರಲ್ಲೇ ಹೋದವು, ಆ ವರ್ಷ ಉಳುಮೆಯೇ ಇಲ್ಲ. ನಿಜವಾಗಿ ಅಳಿದಿದೆಯೇ, ಅಥವಾ ಸರ್ಕಾರಿ ಕಾಗದದಲ್ಲಿ ಅಳಿದಿದೆಯೇ?

ಗೋಮಾಳ · ಬುಧವಾರ ಬೆಳಿಗ್ಗೆ 10:20

ಇದನ್ನು ಕೇಳಿದ್ದು ಒಳ್ಳೆಯದಾಯಿತು. ನಿಜವಾಗಿ ಅಳಿದಿದೆ. ಭೂಮಿಯ ಮೇಲಿಂದ ಮನುಷ್ಯ ಅಳಿಸಿದ ರೋಗಗಳು ಎರಡೇ: ಸಿಡುಬು ಮತ್ತು ದೊಡ್ಡರೋಗ. ಮೊದಲನೆಯದು ಎಲ್ಲರಿಗೂ ಗೊತ್ತು, ಎರಡನೆಯದು ಗೊತ್ತಿರುವುದು ನಮ್ಮಂಥ ಕೆಲವರಿಗೆ.

ದೊಡ್ಡರೋಗ ಬಿದ್ದ ಊರಿನಲ್ಲಿ ಮಾರಮ್ಮನನ್ನು ಗಡಿ ದಾಟಿಸುತ್ತಿದ್ದರು. ಆಚೆಯ ಊರಿನವರು ಅವರ ಗಡಿ ದಾಟಿಸುತ್ತಿದ್ದರು. ದೇವಿ ದಾಟಿದಳೋ ಇಲ್ಲವೋ, ದನ ಹೊಡೆದುಕೊಂಡು ಹೋದವರ ಜೊತೆ ವೈರಸ್ ಮಾತ್ರ ದಾಟುತ್ತಿತ್ತು. ಹೆಬ್ಬಾಳದಲ್ಲಿ ಈಗ ಪಶು ಲಸಿಕೆ ತಯಾರಿಸುವ ಸಂಸ್ಥೆ ಇದೆಯಲ್ಲ, ಅದು ಮೈಸೂರು ಸಂಸ್ಥಾನದ ಕಾಲದಲ್ಲಿ, 1920ರ ದಶಕದಲ್ಲಿ ಹುಟ್ಟಿದ್ದೇ ಈ ರೋಗಕ್ಕೆ ಸೀರಂ ತಯಾರಿಸಲು. ಅದೇ ದಶಕದಲ್ಲಿ ಹಿಮಾಲಯದ ಮುಕ್ತೇಶ್ವರದ ಪ್ರಯೋಗಾಲಯದಲ್ಲಿ ಎಡ್ವರ್ಡ್ಸ್ ಎಂಬುವರು ದನದ ವೈರಸ್ಸನ್ನು ಮೇಕೆಯಿಂದ ಮೇಕೆಗೆ ದಾಟಿಸುತ್ತ ಹೋದರು. ನೂರಾರು ಸಲ ದಾಟಿದ ಮೇಲೆ ಅದು ದನಕ್ಕೆ ಸೌಮ್ಯವಾಯಿತು. ಆ ಮೇಕೆ ಲಸಿಕೆಯೇ ದೇಶವನ್ನು ಎಷ್ಟೋ ವರ್ಷ ಕಾಯ್ದದ್ದು. ಆಮೇಲೆ ಕೀನ್ಯಾದಲ್ಲಿ ವಾಲ್ಟರ್ ಪ್ಲೌರೈಟ್ ಕೋಶ ಕೃಷಿಯಲ್ಲಿ ಇನ್ನೂ ಹದವಾದ ಲಸಿಕೆ ಮಾಡಿದರು. ನಾನು ಕೆಲಸಕ್ಕೆ ಸೇರಿದಾಗ ಹಾಕುತ್ತಿದ್ದದ್ದು ಅದನ್ನೇ, ಥರ್ಮಾಸ್‌ನಲ್ಲಿ ಐಸ್ ತುಂಬಿಕೊಂಡು, ಸೈಕಲ್ ಮೇಲೆ. ಐಸ್ ಕರಗುವುದರೊಳಗೆ ಊರು ಮುಗಿಸಬೇಕು. ಎಮ್ಮೆ ಕೆರೆಯಿಂದ ಮೇಲೆ ಬರುವುದಿಲ್ಲ, ಐಸ್ ಕಾಯುವುದಿಲ್ಲ.

ದೇಶದಲ್ಲಿ ಕೊನೆಯ ಬಾರಿ ಕಂಡದ್ದು 1995ರಲ್ಲಿ, ತಮಿಳುನಾಡಿನಲ್ಲಿ. ಜಗತ್ತಿನಲ್ಲಿ ಕೊನೆಯದು 2001ರಲ್ಲಿ, ಕೀನ್ಯಾದ ಕಾಡೆಮ್ಮೆಗಳಲ್ಲಿ. ಹತ್ತು ವರ್ಷ ಕಾದು, ಹುಡುಕಿ, ರಕ್ತ ಪರೀಕ್ಷಿಸಿ, 2011ರಲ್ಲಿ ಅಳಿಯಿತು ಎಂದು ಘೋಷಿಸಿದರು. ಕಾಗದದ ಮಾತಲ್ಲ ಹಿರಿಯರೇ. ಲಸಿಕೆ ಹಾಕುವುದನ್ನೇ ನಿಲ್ಲಿಸಿ, ಹಾಕದ ಕರುಗಳಿಗೆ ಏನಾಗುತ್ತದೆ ಎಂದು ವರ್ಷಗಟ್ಟಲೆ ನೋಡಿದ್ದೇವೆ. ಆ ನಿಲ್ಲಿಸುವ ಆದೇಶ ಬಂದ ವರ್ಷ ನನಗೆ ರಾತ್ರಿ ನಿದ್ದೆ ಬರುತ್ತಿರಲಿಲ್ಲ.

ಹಟ್ಟಿಯ ಹುಡುಗ · ಬುಧವಾರ ಮಧ್ಯಾಹ್ನ 2:10

ಹಾಗಾದರೆ ಹಿರೇಬೇನೆಯನ್ನು ಏಕೆ ಅಳಿಸಲಿಲ್ಲ ಡಾಕ್ಟರೇ? ಲಸಿಕೆ ಇದೆ, ರಕ್ಷಣೆ ಚೆನ್ನಾಗಿದೆ ಎನ್ನುತ್ತೀರಿ.

ಅಣುಜೀವಿ · ಬುಧವಾರ ಸಂಜೆ 6:30

ಅದು ಬೇರೆ ರೋಗ ಎಂದೇ ನಮಗೆ ತಡವಾಗಿ ಗೊತ್ತಾಯಿತು. ಪಶ್ಚಿಮ ಆಫ್ರಿಕಾದ ಐವರಿ ಕೋಸ್ಟ್‌ನಲ್ಲಿ 1942ರಲ್ಲೇ ಇದನ್ನು ವಿವರಿಸಿದ್ದರು. ನಮ್ಮಲ್ಲಿ ಗುರುತಿಸಿದ್ದು 1987ರಲ್ಲಿ, ತಮಿಳುನಾಡಿನ ಅರಸೂರು ಎಂಬ ಹಳ್ಳಿಯ ಕುರಿಗಳಲ್ಲಿ. ಅದನ್ನು ಪತ್ತೆ ಮಾಡಿ ವರದಿ ಮಾಡಿದ ತಂಡದಲ್ಲಿ ಇದ್ದವರು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಎಂ.ಎಸ್. ಶೈಲಾ. ಅದಕ್ಕೂ ಮೊದಲು ಕುರಿ ಮೇಕೆಗಳು ಹೀಗೆ ಸತ್ತಾಗ ಅದನ್ನೂ ದೊಡ್ಡರೋಗದ ಲೆಕ್ಕಕ್ಕೆ ಬರೆದಿರುವ ಸಾಧ್ಯತೆ ಬಹಳ. ಲಕ್ಷಣ ಅಷ್ಟು ಒಂದೇ ತೆರ. ಈಗ ನಾವು ಹಾಕುವ ಲಸಿಕೆಯ ವೈರಸ್ ಹಿಮಾಚಲ ಪ್ರದೇಶದ ಸುಂಗ್ರಿಯ ಮೇಕೆಯಿಂದ ತೆಗೆದು ಮುಕ್ತೇಶ್ವರದಲ್ಲಿ ಪಳಗಿಸಿದ್ದು.

ಶೈಲಾ ಮತ್ತು ಲಕ್ಷ್ಮೀ ಸೀತಾ ಅವರ ಇನ್ನೊಂದು ಕೆಲಸ ನನಗೆ ಬಲು ಇಷ್ಟ. ದೊಡ್ಡರೋಗದ ವೈರಸ್ಸಿನ ಮೇಲ್ಮೈ ಪ್ರೋಟೀನಿನ ಜೀನನ್ನು ಕಡಲೆಕಾಯಿ ಗಿಡಕ್ಕೆ ಸೇರಿಸಿ, ಆ ಸೊಪ್ಪನ್ನು ದನಕ್ಕೆ ತಿನ್ನಿಸಿದರು. ರಕ್ತದಲ್ಲಿ ಪ್ರತಿಕಾಯ ಮೂಡಿತು! 2003ರಲ್ಲಿ ಪ್ರಕಟವಾದದ್ದು. ತೊಗರಿ ಗಿಡಕ್ಕೂ ಆ ಜೀನನ್ನು ಸೇರಿಸಿದರು. ಸೂಜಿಯೂ ಬೇಡ, ಐಸೂ ಬೇಡ, ಮೇವೇ ಲಸಿಕೆ. ಹೊಲಕ್ಕೆ ಬರಲಿಲ್ಲ, ಅಷ್ಟರಲ್ಲಿ ದೊಡ್ಡರೋಗವೇ ಹೊರಟುಹೋಗಿತ್ತು.

ನನಗೆ ಮೋಜೆನಿಸುವ ಇನ್ನೊಂದು ವಿಷಯ, ಸಂಖ್ಯೆ ಇಷ್ಟವಿಲ್ಲದವರು ದಾಟಿಕೊಳ್ಳಿ. ಈ ವೈರಸ್‌ಗಳ ಆರ್‌ಎನ್‌ಎ ಅಕ್ಷರಗಳ ಒಟ್ಟು ಎಣಿಕೆ ಯಾವಾಗಲೂ ಆರರಿಂದ ಭಾಗವಾಗುತ್ತದೆ. ದಡಾರ 15,894. ಹಿರೇಬೇನೆ 15,948. ದೊಡ್ಡರೋಗ 15,882. ಮಲೇಷ್ಯಾದ ನಿಫಾ 18,246. ಭಾಗಿಸಿ ನೋಡಿ. ಆರ್‌ಎನ್‌ಎಯನ್ನು ಹೊದ್ದಿಸುವ ಪ್ರೋಟೀನಿನ ಒಂದೊಂದು ಬಿಲ್ಲೆಯೂ ಸರಿಯಾಗಿ ಆರು ಅಕ್ಷರಗಳನ್ನು ಮುಚ್ಚುತ್ತದೆ. ಒಂದು ಅಕ್ಷರ ಹೆಚ್ಚುಕಡಿಮೆಯಾದರೂ ನಕಲು ಸರಿಯಾಗಿ ಆಗುವುದಿಲ್ಲ.

ಗೋಮಾಳ · ಬುಧವಾರ ರಾತ್ರಿ 9:15

ತಂಗಿ ಹೇಳಿದ ಮೇಲೆ ಭಾಗಿಸಿಯೇ ನೋಡಿದೆ. ಸರಿಯಾಗಿದೆ.

ಏಕೆ ಅಳಿಸಲಿಲ್ಲ ಎಂಬುದಕ್ಕೆ ನನ್ನ ಉತ್ತರ ಇಷ್ಟೇ. ವೈರಸ್ಸಿನಲ್ಲಿ ಅಡ್ಡಿ ಇಲ್ಲ. ದೊಡ್ಡರೋಗದಂತೆಯೇ ಒಂದೇ ಬಗೆ, ಒಂದೇ ಲಸಿಕೆ ಎಲ್ಲ ಕಡೆಗೂ ಆಗುತ್ತದೆ, ವಾಸಿಯಾದ ಕುರಿ ರೋಗವನ್ನು ಒಳಗೆ ಬಚ್ಚಿಟ್ಟುಕೊಳ್ಳುವುದಿಲ್ಲ. ಅಡ್ಡಿ ಇರುವುದು ಕುರಿಯ ಬೆಲೆಯಲ್ಲಿ. ಎತ್ತು ಸತ್ತರೆ ಉಳುಮೆ ನಿಲ್ಲುತ್ತಿತ್ತು, ಕಂದಾಯ ನಿಲ್ಲುತ್ತಿತ್ತು, ದಿವಾನರೇ ಎದ್ದು ಕೂರುತ್ತಿದ್ದರು. ಮರಿ ಸತ್ತರೆ ಅಳುವವನು ಕುರಿಗಾಹಿ ಒಬ್ಬನೇ. ಮೇಲಾಗಿ ದನ ಹತ್ತು ವರ್ಷ ಬದುಕುತ್ತದೆ, ಒಮ್ಮೆ ಹಾಕಿದ ಲಸಿಕೆ ಹಟ್ಟಿಯಲ್ಲೇ ಉಳಿಯುತ್ತದೆ. ಕುರಿ ಹಿಂಡು ಹಾಗಲ್ಲ. ವರ್ಷಕ್ಕೊಮ್ಮೆ ಅರ್ಧ ಹಿಂಡು ಸಂತೆಗೆ ಹೋಗುತ್ತದೆ, ಹೊಸ ಮರಿ ಬರುತ್ತದೆ. ಇವತ್ತು ಹಿರಿಯೂರಿನಲ್ಲಿರುವ ಮಂದೆ ಮುಂದಿನ ತಿಂಗಳು ಭತ್ತ ಕೊಯ್ದ ಯಾವುದೋ ಗದ್ದೆಯಲ್ಲಿ ಗೊಬ್ಬರಕ್ಕೆ ನಿಂತಿರುತ್ತದೆ. ನಾನು ಸೀಸೆ ಹಿಡಿದು ಹೋದ ದಿನ ಹಟ್ಟಿಯಲ್ಲಿ ಮುದುಕರು ಮತ್ತು ನಾಯಿ ಮಾತ್ರ ಇರುತ್ತಿದ್ದರು.

2030ರೊಳಗೆ ಜಗತ್ತಿನಿಂದಲೇ ಅಳಿಸುತ್ತೇವೆ ಎಂದು 2015ರಲ್ಲಿ ಗುರಿ ಇಟ್ಟಿದ್ದಾರೆ. 2024ರಲ್ಲಿ ಅದು ಗ್ರೀಸ್‌ಗೂ ರೊಮೇನಿಯಾಕ್ಕೂ ಕಾಲಿಟ್ಟಿತು. ಆ ಗಡುವಿನ ಮೇಲೆ ನನಗೆ ಭರವಸೆ ಕಡಿಮೆ. ಅಳಿಯುತ್ತದೆ ಎಂಬುದರಲ್ಲಿ ಮಾತ್ರ ಸಂಶಯವಿಲ್ಲ.

ಸಂಶಯಾತ್ಮ · ಗುರುವಾರ ಬೆಳಿಗ್ಗೆ 6:40

ಎತ್ತಿನ ಮಾತು ನಿಜ. ಮೊಮ್ಮಗನಿಗೆ ಈಗ ಹದಿನಾರು. ಇನ್ನೂ ಹಾಕಿಸಬಹುದೇ, ಅಥವಾ ಕಾಲ ಮೀರಿತೇ?

ಅಣುಜೀವಿ · ಗುರುವಾರ ಬೆಳಿಗ್ಗೆ 7:05

ಹಾಕಿಸಬಹುದು ಹಿರಿಯರೇ. ಹತ್ತಿರದ ವೈದ್ಯರನ್ನು ಕೇಳಿ, ದೊಡ್ಡವರಿಗೂ ಕೊಡುತ್ತಾರೆ. ಎರಡು ಡೋಸ್, ನಡುವೆ ನಾಲ್ಕು ವಾರ.

ಹಟ್ಟಿಯ ಹುಡುಗ · ಶನಿವಾರ ರಾತ್ರಿ 8:50

ಊರಿಗೆ ಬಂದಿದ್ದೇನೆ. ಪಶು ಆಸ್ಪತ್ರೆಯವರು ಸೋಮವಾರ ಬೆಳಿಗ್ಗೆ ಆರಕ್ಕೆ, ಹಿಂಡು ಮೇಯಲು ಬಿಡುವ ಮುಂಚೆ ಬರುತ್ತಾರೆ. ಐಸ್ ನಾನು ಹಿರಿಯೂರಿನಿಂದ ತಂದಿಡಬೇಕು. ಸಂತೆಯ ಕುರಿಗಳಲ್ಲಿ ಉಳಿದ ನಾಲ್ಕನ್ನು ಬೇರೆ ರೊಪ್ಪದಲ್ಲಿ ಕಟ್ಟಿದ್ದೇವೆ. ಮಗಳು ಬೇಲಿಯ ಹೊರಗೆ ನಿಂತು ಮರಿಗಳಿಗೆ ಹೆಸರಿಡುತ್ತಿದ್ದಾಳೆ, ಒಳಗೆ ಬಿಡಲು ಅವ್ವ ಇನ್ನೂ ಒಪ್ಪಿಲ್ಲ. ಹಾಕಿಸಬೇಕಾದ ತಲೆ ನೂರೆರಡು ಎಂದು ಅಣ್ಣ, ನೂರನಾಲ್ಕು ಎಂದು ಅವ್ವ. ನೂರು ಡೋಸಿನ ಒಂದು ಸೀಸೆ ಬರುತ್ತದಂತೆ.

ಗೋಮಾಳ · ಶನಿವಾರ ರಾತ್ರಿ 9:05

ಒಂದು ಸಾಲದು, ಇನ್ನೊಂದು ಚಿಕ್ಕ ಸೀಸೆ ತರಲು ಇವತ್ತೇ ಫೋನ್ ಮಾಡಿ ಹೇಳಿ. ಬೆರೆಸಿದ ಮೇಲೆ ಬಿಸಿಲು ಸೋಕಬಾರದು, ಐಸ್ ಮೇಲೆಯೇ ಇರಲಿ, ಒಂದೆರಡು ಗಂಟೆಯೊಳಗೆ ಮುಗಿಯಬೇಕು. ಎಣಿಕೆ ಅವ್ವನದ್ದನ್ನೇ ಹಿಡಿಯಿರಿ.